ಹಳದಿ ಎಚ್ಚರಿಕೆ ಮತ್ತು ಮಾಸ್ತರರ ಗುಬ್ಬಿ

ನಂಬಿಕೆಯ ವಿಷಯದಲ್ಲಿ ನನಗೆ ಹದ ಸಿಕ್ಕಿಲ್ಲ. ಕೆಲವರ ಕೈಯಲ್ಲಿ ಉಪ್ಪು ಒಂದು ದಿನ ಕಡಿಮೆ, ಮರುದಿನ ಬಾಯಿಗಿಡಲಾಗದಷ್ಟು ಹೆಚ್ಚು ಆಗುತ್ತದಲ್ಲ, ಹಾಗೆ. ನಂಬಬಾರದವರನ್ನು ಒಳಗೆ ಕರೆದು ಕೂರಿಸಿ ಚಹಾ ಕೊಡುತ್ತೇನೆ. ನಂಬಬೇಕಾದವರು ಬಂದಾಗ ಬಾಗಿಲ ಸಂದಿಯಿಂದ ಇಣುಕಿ "ಯಾರ್ರಿ?" ಎನ್ನುತ್ತೇನೆ. ಮದುವೆಯಾದ ಹೊಸದರಲ್ಲಿ, ಬೆಳ್ಳಿ ಬಂಗಾರಕ್ಕೆ ಹೊಳಪು ಕೊಡುತ್ತೇನೆಂದು ಒಬ್ಬ ಮನೆ ಬಾಗಿಲಿಗೆ ಬಂದಿದ್ದ. ಮಾತು ಎಷ್ಟು ಮೃದು, ನಡೆ ಎಷ್ಟು ವಿನಯ! ಕಾಲಿನ ಗೆಜ್ಜೆ ಬಿಚ್ಚಿ ಕೊಟ್ಟೆ. ಅವನು ಹೋದ ಮೇಲೆ ನೋಡಿದರೆ ಗೆಜ್ಜೆ ಚೆನ್ನಾಗಿಯೇ ಹೊಳೆಯುತ್ತಿತ್ತು, ಆದರೆ ಹೂವಿನಷ್ಟು ಹಗುರವಾಗಿತ್ತು. ಅದಾದ ಮೇಲೆ ಕರೆಂಟಿನ ಮೀಟರ್ ನೋಡಲು ನಿಜವಾಗಿಯೂ ಬಂದ ಮನುಷ್ಯನನ್ನು ಬಿಸಿಲಲ್ಲಿ ನಿಲ್ಲಿಸಿ, ಗುರುತಿನ ಚೀಟಿ ಕೇಳಿ, ಚೀಟಿಯ ಫೋಟೋಕ್ಕೂ ಮುಖಕ್ಕೂ ಹೋಲಿಕೆ ಸಾಲದೆಂದು ವಾದ ಮಾಡಿ ವಾಪಸು ಕಳಿಸಿದೆ. ಸಂಜೆ ಮನೆಯವರು ಬಂದು, "ಗೆಜ್ಜಿ ಕಳಕೊಂಡಿದ್ದಕ್ಕ ಆ ಬಡಪಾಯಿಗ್ಯಾಕ ಶಿಕ್ಷಾ?" ಎಂದರು. 

ಇಳಕಲ್ಲಿನಲ್ಲಿ, ಬಸ್‌ಸ್ಟ್ಯಾಂಡಿಗೆ ಹತ್ತಿರದಲ್ಲಿ, ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬ್ಯಾನರು, ಸೀರೆ ಅಂಗಡಿಯ ಚೀಲದ ಮೇಲೆ ಅಚ್ಚಾಗುವ ಹೆಸರು, ಹುಟ್ಟುಹಬ್ಬದ ಶುಭಾಶಯ, ತೀರಿಕೊಂಡವರ ಫೋಟೋದ ಸುತ್ತ ಹೂವಿನ ಅಂಚು, ಎಲ್ಲವೂ ಒಂದೇ ಕಂಪ್ಯೂಟರಿನಿಂದ ಬರಬೇಕು. ಕೆಲಸದ ಭರದಲ್ಲಿ ಒಮ್ಮೆ ಶುಭಾಶಯದ ಹುಡುಗನಿಗೆ ಶ್ರದ್ಧಾಂಜಲಿಯ ಅಂಚು ಹಾಕಿದ್ದೂ ಉಂಟು. ಪುಣ್ಯಕ್ಕೆ ಅವನ ಅಜ್ಜಿ ಹೂವು ಚೆನ್ನಾಗಿವೆ ಎಂದರು. ನಮ್ಮ ಮನೆಯವರು ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಮೇಲ್ವಿಚಾರಕರು. ಮನೆಗೆ ಬಂದು ತಲೆಗೂದಲಿನ ಬಿಳಿ ದೂಳು ಝಾಡಿಸಿಕೊಳ್ಳುತ್ತ ನನ್ನ ಕಂಪ್ಯೂಟರಿನ ಗೋಳನ್ನು ಕೇಳುತ್ತಾರೆ. ಕೊನೆಗೆ ಅವರ ತೀರ್ಪು ಒಂದೇ: "ಕಲ್ಲಿಗೆ ವೈರಸ್ ಬರೂದಿಲ್ಲ ನೋಡು."

ಕಳೆದ ವರ್ಷದ ಲಗ್ನದ ಸೀಸನ್ನಿನಲ್ಲಿ ನನ್ನ ಕಂಪ್ಯೂಟರಿಗೆ ಅದು ಬಂತು. ಕಾಗದ ಮಾರುವವರ ಬಿಲ್ಲು ಎಂಬ ಹೆಸರಿನಲ್ಲಿ ಒಂದು ಮೇಲ್ ಬಂದಿತ್ತು. ತೆರೆಯಲು ಹೋದಾಗ ಕಂಪ್ಯೂಟರು ಏನೋ ಹೇಳಿತು. ಕಂಪ್ಯೂಟರು ಹೇಳುವುದನ್ನು ನಾನು ಯಾವತ್ತೂ ಓದಿದವಳಲ್ಲ. ಮನೆಯಲ್ಲಿ ಹಿರಿಯರು ಒಂದೇ ಸಮನೆ ಮಾತಾಡುತ್ತಿದ್ದರೆ ಕೈಗೆಲಸ ಬಿಡದೆ "ಹೂಂ" ಅನ್ನುತ್ತಿರುತ್ತೇವಲ್ಲ, ಹಾಗೆ ಅದು ಕೇಳಿದ್ದಕ್ಕೆಲ್ಲ 'ಓಕೆ' ಒತ್ತುವುದು ನನ್ನ ಪದ್ಧತಿ. ಒತ್ತಿದೆ. ಸ್ವಲ್ಪ ಹೊತ್ತಿಗೆ ನನ್ನ ಎಲ್ಲ ಲಗ್ನಪತ್ರಿಕೆಗಳಿಗೂ ಬೀಗ ಬಿದ್ದಿತ್ತು. ಗಣಪತಿ ಹೋದ, ಬಾಸಿಂಗ ಹೋಯಿತು, ವಧೂವರರ ಹೆಸರು ಹೋಯಿತು. ಹುನಗುಂದದಿಂದ ಬಂದ ಮದುಮಗಳ ತಂದೆ ಎದುರಿಗೇ ಕುಳಿತಿದ್ದರು. "ಅಕ್ಕಾರ, ಪತ್ರಿಕಿ ತಡಾ ಆದ್ರ ನಡೀತೈತ್ರಿ. ಲಗ್ನಾ ತಡಾ ಆದ್ರ ಬೀಗರಿಗೆ ಏನ್ ಹೇಳ್ಲಿ?" ಎಂದು ಮೆತ್ತಗೆ ಕೇಳಿದರು. ಅವರು ಬೈದಿದ್ದರೆ ಚೆನ್ನಾಗಿತ್ತು. ಎಲ್ಲವನ್ನೂ ಮೊದಲಿನಿಂದ ಕೂತು ಮಾಡಿದೆ. ಬೆರಳು ಬಾತವು, ಕಣ್ಣು ಕೆಂಪಾದವು.

ಅದಾದ ಮೇಲೆ ಬಾಗಲಕೋಟೆಯಿಂದ ಒಬ್ಬರನ್ನು ಕರೆಸಿ ಹೊಸ ಆಂಟಿವೈರಸ್ ಹಾಕಿಸಿದೆ. ಇದ್ದುದರಲ್ಲಿ ಬಿಗಿಯಾದ ಕಾವಲು ಇಡಲು ಹೇಳಿದೆ. ಅವರು ಕುರ್ಚಿ ಎಳೆದುಕೊಂಡು ತಾಳ್ಮೆಯಿಂದ ತಿಳಿಸಲು ಹೊರಟರು. "ಕೆಂಪ ಕಿಟಕಿ ಬಂತಂದ್ರ ಅದು ಗುರುತು ಸಿಕ್ಕ ಕಳ್ಳ ಅಂತ ತಿಳೀರಿ ಅಕ್ಕಾರ. ಹಳದಿ ಬಂತಂದ್ರ..." ಅಷ್ಟರಲ್ಲಿ ಬ್ಯಾನರಿನವರು ಬಂದರು. ಹಳದಿ ಬಂದರೆ ಏನೆಂಬುದನ್ನು ನನ್ನ ಬೆನ್ನು ಕೇಳಿಸಿಕೊಂಡಿತು, ನಾನು ಕೇಳಿಸಿಕೊಳ್ಳಲಿಲ್ಲ. ತಿರುಗಿ ಬಂದಾಗ ಅವರು ಚೀಲ ಹೆಗಲಿಗೆ ಹಾಕಿಕೊಂಡಿದ್ದರು. "ತಿಳೀತಲ್ರಿ?" ಎಂದರು. "ತಿಳೀತ್ರಿ" ಎಂದೆ.

ಹೊಸದಾಗಿ ನಾಯಿ ಸಾಕಿದವರು ಬಂದವರಿಗೆಲ್ಲ ಅದರ ಬೊಗಳುವಿಕೆಯನ್ನು ಹೊಗಳುತ್ತಾರೆ. ನಾನೂ ಹಾಗಾದೆ. ಯಾರು ಪೆನ್‌ಡ್ರೈವ್ ಕೊಟ್ಟರೂ "ತಡೀರಿ, ಮೊದ್ಲ ಇದು ನೋಡ್ಲಿ" ಎಂದು ಪರದೆಯನ್ನು ಅವರ ಕಡೆ ತಿರುಗಿಸಿ, ಹಸಿರು ಗೆರೆ ಓಡುವುದನ್ನು ತೋರಿಸುತ್ತಿದ್ದೆ. ನಮ್ಮ ನೇಕಾರ ಗಿರಾಕಿಗಳಿಗೆ ಇದೊಂದು ನೋಡುವ ಆಟವಾಗಿತ್ತು.

ಇನ್ನು ಇಮಾಮಸಾಬ ಮಾಸ್ತರರ ಬಗ್ಗೆ ಹೇಳಬೇಕು. ಗುಡೂರಿನವರು, ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ನನಗೆ ಅವರು ಪಾಠ ಹೇಳಿದವರಲ್ಲ, ಆದರೆ ಅಂಗಡಿ ತೆರೆದಾಗಿನಿಂದ ಪರಿಚಯ. ಸಂತೆಗೆಂದು ಇಳಕಲ್ಲಿಗೆ ಬಂದಾಗಲೆಲ್ಲ ನನ್ನಲ್ಲಿಗೆ ಬಂದು, ಮೇಜಿನ ಮೇಲಿದ್ದ ಯಾರದೋ ಲಗ್ನಪತ್ರಿಕೆ ಎತ್ತಿಕೊಂಡು, "ತಂಗೀ, ಈ ದಿನಕ್ಕ ಈ ವಾರ ಬರೂದಿಲ್ಲ ನೋಡವಾ" ಎಂದು ಲೆಕ್ಕ ತೆಗೆಯುವವರು. ಬಹಳ ಸಲ ಅವರ ಮಾತು ಸರಿಯಾಗಿ, ನಾನು ಗಿರಾಕಿಗಳಿಂದ ಬಚಾವಾಗಿದ್ದೇನೆ. ಆದರೆ ಮನುಷ್ಯ ಸ್ವಲ್ಪ ಜಂಬದವರು. ತಾವು ಮಾಡಿದ್ದನ್ನು ತಾವೇ ಹೊಗಳಿಕೊಳ್ಳುವುದರಲ್ಲಿ ಸಂಕೋಚವಿಲ್ಲ. "ಬ್ಯಾರೇದವ್ರು ಹೊಗಳಲಿ ಅಂತ ಕುಂತ್ರ ಕತ್ತಲಾಗ್ತೈತಿ" ಎನ್ನುವರು.

ಮೊಹರಂ ಹಬ್ಬದಲ್ಲಿ ನಮ್ಮ ಕಡೆ ಅಲಾಯಿ ಕುಣಿ ಎಂಬ ಬೆಂಕಿಯ ಗುಂಡಿಯ ಸುತ್ತ ಹೆಜ್ಜೆ ಹಾಕಿ ಹಾಡುತ್ತಾರೆ. ರಿವಾಯತ ಪದ ಅನ್ನುತ್ತಾರೆ ಅವಕ್ಕೆ. ಕತೆ ದೂರದ ಮರುಭೂಮಿಯದಾದರೂ ಪದ ಅಚ್ಚಗನ್ನಡದ್ದು. ಹಾಡುವವರಲ್ಲಿ ಸಾಬರೂ ಇರುತ್ತಾರೆ, ಲಿಂಗಾಯತರೂ ಕುರುಬರೂ ಇರುತ್ತಾರೆ. ಮಾಸ್ತರರು ನೌಕರಿಯಲ್ಲಿದ್ದಾಗಿನಿಂದಲೇ ಊರೂರು ತಿರುಗಿ ಹಳಬರನ್ನು ಕೂರಿಸಿ ಹಾಡಿಸಿ ಅವನ್ನು ಕೂಡಿಹಾಕಿದ್ದರು. ಆಮೇಲೆ ಒಂದು ಹಳೆಯ ಕಂಪ್ಯೂಟರು ಕೊಂಡು ಅದರಲ್ಲಿ ತುಂಬಿಸಿದರು. ಆದರೆ ಸುಮ್ಮನೆ ತುಂಬಿಸಿದರೆ ಅವರು ಇಮಾಮಸಾಬ ಮಾಸ್ತರರು ಹೇಗಾಗುತ್ತಾರೆ? ಪೇಟೆಯಲ್ಲಿ ಸಿಗುವ ಕನ್ನಡ ಕೀಲಿಮಣೆಗಳ ಕ್ರಮ ಮೂರ್ಖತನದ್ದೆಂದು ತಮ್ಮದೇ ಒಂದು ಕ್ರಮ ಮಾಡಿಕೊಂಡು ಅದರಲ್ಲಿ ಬಡಿದಿದ್ದರು. ಬೇರೆ ಯಾರು ತೆರೆದು ನೋಡಿದರೂ ಅದು ಅಕ್ಷರವಲ್ಲ, ಇರುವೆ ಹರಿದಾಡಿದ ಹಾಗೆ ಕಾಣುತ್ತಿತ್ತು. ಅದನ್ನು ಎಲ್ಲರೂ ಓದುವ ಕನ್ನಡಕ್ಕೆ ತಿರುಗಿಸಲು ನಿವೃತ್ತಿಯ ಬಿಡುವಿನಲ್ಲಿ ಪುಸ್ತಕ ಓದಿಕೊಂಡು ತಾವೇ ಒಂದು ಸಣ್ಣ ಪ್ರೋಗ್ರಾಮು ಬರೆದರು. ಅದಕ್ಕೆ 'ಗುಬ್ಬಿ' ಎಂದು ಹೆಸರಿಟ್ಟರು, ಕಾಳು ಕಾಳು ಆರಿಸಿದ ಹಾಗೆ ಅಕ್ಷರ ಆರಿಸುತ್ತದೆಂದು.

ಒಂದು ದಿನ ಆ ಹಳೆಯ ಕಂಪ್ಯೂಟರು ಹೊಗೆ ಬಿಟ್ಟು ಸತ್ತಿತು. ಸಾಯುವ ಮುಂಚೆ ಪದಗಳನ್ನೂ ಗುಬ್ಬಿಯನ್ನೂ ಪೆನ್‌ಡ್ರೈವಿಗೆ ತುಂಬಿಕೊಂಡಿದ್ದು ಅವರ ಜಾಣತನ. ಅದಕ್ಕೆ ಕೆಂಪು ದಾರ ಕಟ್ಟಿ, ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ನನ್ನಲ್ಲಿಗೆ ಬಂದರು. "ತಂಗೀ, ಪುಸ್ತಕಾ ಮಾಡೂನು. ಗುಬ್ಬಿ ಅಕ್ಷರಾ ತಿರುವಿ ಕೊಡ್ತೈತಿ, ನೀ ಪುಟಾ ಚಂದ ಮಾಡು."

ಅವತ್ತು ಅಂಗಡಿ ತುಂಬಿತ್ತು. ಲಗ್ನಪತ್ರಿಕೆ ಆರಿಸಲು ಬಂದ ಒಂದು ಕುಟುಂಬ, ಅಂಗಡಿಯ ಬೋರ್ಡಿನ ಹೆಸರು ಬರೆಸಲು ಬಂದವರು, ಇವರೆಲ್ಲರ ಜೊತೆ ಪಕ್ಕದ ಝೆರಾಕ್ಸ್ ಅಂಗಡಿಯ ಸಂಗಣ್ಣ. ಸಂಗಣ್ಣನಿಗೆ ಕೆಲಸವಿಲ್ಲದಾಗ ನನ್ನಲ್ಲಿ ನಿಂತು, ಕೆಲಸವಿದ್ದಾಗ ನನ್ನಲ್ಲಿ ಕೇಳಿದ್ದನ್ನು ತನ್ನ ಗಿರಾಕಿಗಳಿಗೆ ಹೇಳುವುದು ರೂಢಿ. ನಾನು ಪೆನ್‌ಡ್ರೈವ್ ಚುಚ್ಚಿ ಗುಬ್ಬಿಯನ್ನು ತೆರೆದೆ. ಕಂಪ್ಯೂಟರು ಟಣ್ಣೆಂದಿತು. ಪರದೆಯ ತುಂಬ ಹಳದಿ ಕಿಟಕಿ.

ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದುದನ್ನು ಈಗ ನಾನು ಕಣ್ಣು ಮುಚ್ಚಿ ಹೇಳಬಲ್ಲೆ. ಈ ಫೈಲನ್ನು ಬಳಸಿದವರು ಬಹಳ ಕಡಿಮೆ. ಮಾಡಿದವರು ಯಾರೆಂದು ಗೊತ್ತಿಲ್ಲ. ಆದ್ದರಿಂದ ಅನುಮಾನವಿದೆ. ಕೂಡಿಹಾಕಿ ಇಡಲೇ, ಬಿಟ್ಟುಬಿಡಲೇ, ಅಳಿಸಲೇ? ಅಂದು ನಾನು ಓದಿದ್ದು ಒಂದೇ ಶಬ್ದ, 'ಅನುಮಾನ'. ಹೋದ ವರ್ಷದ ಬೀಗ ಬಿದ್ದ ಪತ್ರಿಕೆಗಳು ಕಣ್ಣ ಮುಂದೆ ಬಂದವು.

"ಅಯ್ಯಯ್ಯ! ಮಾಸ್ತರ, ನಿಮ್ಮ ಪೆನ್‌ಡ್ರೈವಿನ್ಯಾಗ ವೈರಸ್ ಐತ್ರಿ!"

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಪತ್ರಿಕೆ ಆರಿಸುತ್ತಿದ್ದ ಹೆಂಗಸು ತನ್ನ ಮಗುವನ್ನು ಹತ್ತಿರ ಎಳೆದುಕೊಂಡಳು.

"ತಡಿಯವಾ ತಂಗಿ," ಎಂದರು ಮಾಸ್ತರರು, "ಏನಂತ ಬರದೈತಿ ಪೂರಾ ಓದು. ಅದು ನಾ ಮಾಡಿದ್ದು."

"ನೀವು ಮಾಡಿದ್ರೇನ್ರಿ, ವೈರಸ್ ವೈರಸ್ಸ!"

ಈ ಮಾತನ್ನು ನಾನೇ ಆಡಿದೆ. ಬಾಯಿಯಿಂದ ಹೊರಬಿದ್ದಾಗ ಅದು ಜಾಣ ಮಾತಿನ ಹಾಗೆ ಕೇಳಿಸಿತ್ತು. ಸಂಗಣ್ಣ ನಕ್ಕ, ಅದರಿಂದ ಇನ್ನಷ್ಟು ಹುರುಪು ಬಂತು. ಅಳಿಸು ಎಂಬುದನ್ನು ಒತ್ತಿದೆ. ಶಾಶ್ವತವಾಗಿ ಅಳಿಸಲೇ ಎಂದು ಅದು ಮತ್ತೊಮ್ಮೆ ಕೇಳಿತು. ಯಂತ್ರಕ್ಕೆ ನನಗಿಂತ ಮರ್ಯಾದೆ ಹೆಚ್ಚು. ಅದಕ್ಕೂ ಹೂಂ ಎಂದೆ. ಹಳದಿ ಕಿಟಕಿ ಮುಚ್ಚಿತು. ಪೆನ್‌ಡ್ರೈವ್ ಕಿತ್ತು, ದಾರದ ತುದಿ ಹಿಡಿದು, ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವ ಹಾಗೆ ಅವರ ಕೈಗೆ ಕೊಟ್ಟೆ. ಮಾಸ್ತರರು ಅದನ್ನು ಒಳಜೇಬಿಗೆ ಹಾಕಿಕೊಂಡರು. ಗುಂಡಿ ಹಾಕಿಕೊಂಡರು. ಎಂದೂ ಮಾತು ಮುಗಿಸದೆ ಎದ್ದವರಲ್ಲ, ಅಂದು ನೇರ ಬಸ್‌ಸ್ಟ್ಯಾಂಡಿನ ಕಡೆ ನಡೆದರು. ನಾನು ಲಗ್ನಪತ್ರಿಕೆಯವರಿಗೆ ಹಸಿರು ಗೆರೆ ಓಡುವುದನ್ನು ತೋರಿಸಿದೆ.

ಇಳಕಲ್ಲಿನಲ್ಲಿ ಸುದ್ದಿ ಹರಡಲು ಬೇರೆ ವ್ಯವಸ್ಥೆ ಬೇಕಿಲ್ಲ, ಸಂಗಣ್ಣ ಸಾಕು. ಒಂದು ವಾರವಾಗಿರಬೇಕು, ಮನೆಯವರು ಕಾರ್ಖಾನೆಯಿಂದ ಬಂದವರು ಕೈಕಾಲು ತೊಳೆಯುತ್ತ, "ಗುಡೂರ ಮಾಸ್ತರಗ ಏನೋ ವೈರಸ್ ಆಗೇತಂತಲ್ಲ. ಮೈಗಿ ಬಂದೈತೋ ತಲಿಗಿ ಬಂದೈತೋ ಯಾರಿಗೂ ಗೊತ್ತಿಲ್ಲ. ಅವರ ಹತ್ರ ಕೂಡಬಾರ್ದಂತ," ಎಂದರು. ನಾನು ಬಿದ್ದು ಬಿದ್ದು ನಕ್ಕೆ. ಪೆನ್‌ಡ್ರೈವಿನಿಂದ ಹೊರಟ ವೈರಸ್ಸು ಪೇಟೆಯನ್ನು ದಾಟುವಷ್ಟರಲ್ಲಿ ಮಾಸ್ತರರ ಮೈಗೇ ಬಂದಿತ್ತು. ಊರಿನ ಬೇರೆ ಡಿಟಿಪಿ ಅಂಗಡಿಗಳವರೂ ಅವರು ಬಂದರೆ ಪೆನ್‌ಡ್ರೈವ್ ಮುಟ್ಟುತ್ತಿಲ್ಲವೆಂದು ತಿಳಿದಾಗ ನಗು ನಿಂತಿತು. ಸಂತೆಗೆ ಬಂದರೂ ಅವರು ನಮ್ಮ ಬೀದಿಗೆ ತಿರುಗುತ್ತಿರಲಿಲ್ಲ. ಲಗ್ನಪತ್ರಿಕೆಯ ವಾರ ತಪ್ಪಾಗಿ ಅಚ್ಚಾಗಿ, ಒಂದು ಬೀಗರ ಮನೆಯಿಂದ ಬೈಸಿಕೊಂಡೆ.

ಹಳದಿ ಎಂದರೆ ಏನೆಂದು ನಾನು ತಿಳಿದದ್ದು ಆಮೇಲೆ, ಅದೂ ನನ್ನ ಸ್ವಾರ್ಥಕ್ಕೆ. ಬ್ಯಾನರಿನ ಅಳತೆ ಹೊಂದಿಸಲು ಬಾಗಲಕೋಟೆಯ ಪರಿಚಯದವರೊಬ್ಬರು ಒಂದು ಸಣ್ಣ ಪ್ರೋಗ್ರಾಮು ಮಾಡಿಕೊಟ್ಟರು. ಅದನ್ನು ಹಾಕಿದಾಗ ಮತ್ತೆ ಟಣ್, ಮತ್ತೆ ಹಳದಿ ಕಿಟಕಿ. ಈ ಸಲ ಅದು ನನಗೆ ಬೇಕಾದದ್ದು. ಆದ್ದರಿಂದ ಪೂರ್ತಿ ಓದಿದೆ, ಅರ್ಥವಾಗದೆ ಆಂಟಿವೈರಸ್ಸಿನ ಸಹಾಯವಾಣಿಗೆ ಫೋನು ಹಚ್ಚಿದೆ. ಆ ಕಡೆಯಿಂದ ಒಬ್ಬ ಹುಡುಗಿ ಬೆಂಗಳೂರಿನ ಕನ್ನಡದಲ್ಲಿ ಮಾತಾಡಿದಳು.

"ಹಳದಿ ಬಂದ್ರೆ ವೈರಸ್ ಅಂತ ಅಲ್ಲ ಮೇಡಂ. ಪರಿಚಯ ಇಲ್ಲ ಅಂತ ಅಷ್ಟೇ. ಆ ಫೈಲು ಎಷ್ಟು ಕಂಪ್ಯೂಟರಲ್ಲಿದೆ, ಎಷ್ಟು ದಿನದಿಂದ ಇದೆ, ಮಾಡಿದವರ ಸಹಿ ಇದೆಯಾ, ಇದನ್ನೆಲ್ಲ ನೋಡಿ ಸಾಫ್ಟ್‌ವೇರು ಒಂದು ಅಂದಾಜು ಮಾಡುತ್ತೆ. ಹೊಸದು, ಯಾರೂ ಬಳಸಿಲ್ಲ ಅಂದ್ರೆ ಹುಷಾರು ಅನ್ನುತ್ತೆ. ಒಮ್ಮೊಮ್ಮೆ ನಿಜವಾಗ್ಲೂ ಕೆಟ್ಟದ್ದೇ ಇರಬಹುದು, ಅದಕ್ಕೆ ಸುಮ್ಮನೆ ಬಿಟ್ಟುಬಿಡಬೇಡಿ."

"ಹಂಗಾರ ಏನ್ ಮಾಡ್ಬೇಕ್ರಿ?"

"ಕೂಡಿಹಾಕಿ ಇಡಿ. ಅಲ್ಲಿದ್ರೆ ಅದು ಏನೂ ಮಾಡೋಕಾಗಲ್ಲ, ಕಳೆದೂ ಹೋಗಲ್ಲ. ಕೊಟ್ಟವರನ್ನ ಕೇಳಿ, ಎಲ್ಲಿಂದ ಬಂತು, ಯಾರು ಮಾಡಿದ್ದು ಅಂತ. ನಮಗೂ ಒಂದು ಪ್ರತಿ ಕಳಿಸಿ, ನಾವು ಬಿಚ್ಚಿ ನೋಡ್ತೀವಿ. ಸರಿ ಇದ್ರೆ ಅದೊಂದೇ ಫೈಲಿಗೆ ಒಪ್ಪಿಗೆ ಕೊಡಿ. ಆಂಟಿವೈರಸ್ಸನ್ನೇ ಬಂದ್ ಮಾಡಬೇಡಿ. ಮತ್ತೆ, ಗೊತ್ತಾಗೋ ಮುಂಚೆ ಅಳಿಸಬೇಡಿ ಮೇಡಂ."

"ಅಳಿಸಿದ್ರ?"

"ಬೇರೆ ಪ್ರತಿ ಇರುತ್ತಲ್ಲ, ಅದನ್ನ ಕಳಿಸಿ."

ಫೋನು ಇಟ್ಟೆ. ನನಗೆ ನನ್ನ ಮದುವೆಯ ಕಾಲದ ಒಂದು ಮಾತು ನೆನಪಾಯಿತು. ನನ್ನ ತವರು ಬಾದಾಮಿ. ಮೊದಲು ಬಂದ ಗಂಡು ಅಲ್ಲಿಯವನೇ, ಊರಿಗೆಲ್ಲ ಗೊತ್ತಿದ್ದವನು. ಯಾರನ್ನು ಕೇಳಿದರೂ "ಭಾಳ ಛಲೋ ಹುಡುಗ" ಎಂದರು. ಕೊನೆಗೆ ಅವನಿಗೆ ಆಗಲೇ ಒಂದು ಸಂಸಾರ ಇದೆಯೆಂದು ತಿಳಿಯಿತು. ಆಮೇಲೆ ಇಳಕಲ್ಲಿನಿಂದ ಇವರ ಸಂಬಂಧ ಬಂತು. ಬಾದಾಮಿಯಲ್ಲಿ ಯಾರಿಗೂ ಇವರ ಮನೆತನದ ಪರಿಚಯವಿಲ್ಲ. ಕಾಕಾ "ಯಾರಿಗೂ ಗೊತ್ತಿಲ್ಲಂದ್ರ ಏನೋ ಐಬು ಇರಬೇಕು" ಎಂದರು. ನನ್ನವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಯಾರಿಗೂ ಗೊತ್ತಿಲ್ಲಂದ್ರ ಗೊತ್ತಿಲ್ಲ ಅಂತ, ಅಷ್ಟ. ಹೋಗಿ ನೋಡಿ ಬರ್ರಿ" ಎಂದಳು. ಹೋಗಿ ನೋಡಿ ಬಂದರು. ಹಾಗೆ ನೋಡಿ ತಂದ ಮನುಷ್ಯ ಇಂದಿಗೂ ತಲೆಯ ತುಂಬ ಕಲ್ಲಿನ ದೂಳು ಹೊತ್ತು ಮನೆಗೆ ಬರುತ್ತಿದ್ದಾರೆ. ಅಂಥ ತಾಯಿಯ ಮಗಳು ನಾನು.

ಮರುದಿನವೇ ಅಂಗಡಿಗೆ ಬೀಗ ಹಾಕಿ ಗುಡೂರಿನ ಬಸ್ಸು ಹತ್ತಿದೆ. ಮಾಸ್ತರರ ಮನೆಯ ಬಾಗಿಲಲ್ಲಿ ಅವರ ಹೆಂಡತಿ ಹಲೀಮಾಬಿ ಶೇಂಗಾ ಸುಲಿಯುತ್ತ ಕುಳಿತಿದ್ದರು. ನನ್ನನ್ನು ನೋಡಿ ಒಳಗೆ ಕೂಗಿದರು. ಮಾಸ್ತರರು ಬಂದು ಬಾಗಿಲಲ್ಲಿ ನಿಂತು, "ಬರ್ರಿ ಮೇಡಮ್ಮಾರ. ಕುಂದರ್ರಿ" ಎಂದರು. ಅಷ್ಟು ಮರ್ಯಾದೆ ಅವರಿಂದ ನನಗೆ ಎಂದೂ ಸಿಕ್ಕಿರಲಿಲ್ಲ. ಕಪಾಳಕ್ಕೆ ಬಾರಿಸಿದಂತಾಯಿತು. ಕುಳಿತೆ. ಬಂದ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು ಬಿಟ್ಟು ನೇರ ವಿಷಯಕ್ಕೆ ಬಂದೆ.

"ಮಾಸ್ತರ, ಗುಬ್ಬ್ಯಾಗ ವೈರಸ್ ಇರಲಿಲ್ರಿ. ಅದು ಬರೇ ಪರಿಚಯ ಇಲ್ಲ ಅಂತ ಹೇಳಿತ್ತು. ನಾ ಓದಲಿಲ್ಲ. ತಪ್ಪಾತು."

"ಗೊತ್ತೈತ್ರಿ," ಎಂದರು ಅವರು. "ವೈರಸ್ ಇರಲಿಲ್ಲ ಅನ್ನೂದು ನನಗ ಮೊದಲಿಂದ ಗೊತ್ತಿತ್ತು."

"ಇನ್ನೊಂದು ಪ್ರತಿ ಎಲ್ಲರೆ ಐತೇನ್ರಿ?"

"ಹಳೇ ಕಂಪ್ಯೂಟರ್ ಗುಜರಿಗಿ ಹೋತು. ಮತ್ತ ಬರೀಬೇಕಂತ ಕುಂತೆ. ಅವಾಗ ತಲಿ ಓಡತಿತ್ತು, ಈಗ ಎರಡು ಸಾಲು ಬರದ್ರ ಮೂರನೇದು ಮರೀತೈತಿ. ಯಾವ ಕೀಲಿಗಿ ಯಾವ ಅಕ್ಷರ ಇಟ್ಟಿದ್ನೋ, ನನಗ ಹೊಳೀವಲ್ದು." ಆಮೇಲೆ, "ನನ್ನ ಕ್ರಮಾ ಭಾಳ ಛಲೋ ಇತ್ತು" ಎಂದು ಸೇರಿಸಿದರು. ಅದೊಂದು ಮಾತಿನಲ್ಲಿ ನನ್ನ ಹಳೆಯ ಮಾಸ್ತರರು ಒಂದು ಗಳಿಗೆ ಇಣುಕಿ ಹೋದರು.

ಹಲೀಮಾಬಿ ಚಹಾ ತಂದಿಟ್ಟರು. ಗಂಡನ ಕಡೆ ಕಣ್ಣು ಮಾಡಿ, "ಅಕಿ ಬಂದು ತಪ್ಪಂದಾಳ, ನೀವು ಗೋಡಿ ನೋಡಕೋತ ಕುಂತೀರಿ" ಎಂದು ಬೈದರು. ಆಗ ಮಾಸ್ತರರು ನನ್ನ ಕಡೆ ತಿರುಗಿದರು.

"ಫೈಲ್ ಹೋದದ್ದಕ್ಕಲ್ಲವಾ. ಅದು ನನ್ನದೂ ತಪ್ಪೈತಿ, ಒಂದ ಪ್ರತಿ ಇಟಗೊಂಡೆ. ಅಷ್ಟು ಮಂದಿ ಮುಂದ ನೀ ಆ ಡಬ್ಬಿ ಮಾರಿ ನೋಡಿದಿ. ನನ್ನ ಮಾರಿ ಒಮ್ಮೆ ನೋಡಲಿಲ್ಲ."

 ಚಹಾ ತಣ್ಣಗಾಯಿತು. ಕೇಳಿ ಪೆನ್‌ಡ್ರೈವ್ ಇಸಿದುಕೊಂಡೆ. ಅಳಿಸಿಹೋದ ಫೈಲುಗಳನ್ನು ಹೊರತೆಗೆಯುವವರೊಬ್ಬರು ಬಾಗಲಕೋಟೆಯಲ್ಲಿದ್ದರು, ಅವರಲ್ಲಿಗೆ ಒಯ್ದೆ. ಅವರು ಬಹಳ ಒದ್ದಾಡಿದರು. ಗುಬ್ಬಿಯ ಹೆಸರು ಸಿಕ್ಕಿತು, ಒಳಗೆ ಏನೂ ಉಳಿದಿರಲಿಲ್ಲ. ಪದಗಳ ಫೈಲುಗಳೆಲ್ಲ ಇದ್ದವು, ಇರುವೆಗಳ ಸಾಲಾಗಿ.

ನಾನು ಮತ್ತೆ ಗುಡೂರಿಗೆ ಹೋಗಿ, ಉಳಿದಿದ್ದ ಒಂದೇ ದಾರಿಯನ್ನು ಹೇಳಿದೆ. "ನಿಮಗ ನೆನಪಿದ್ದಷ್ಟು ಹಾಡ್ರಿ ಮಾಸ್ತರ. ನಾ ಬಡೀತೇನಿ." ಅವರು ಒಪ್ಪಲಿಲ್ಲ. ತಮ್ಮ ಗಂಟಲು ಹೋಗಿದೆ ಎಂದರು, ಬಸ್ಸಿನಲ್ಲಿ ಸೊಂಟ ನೋಯುತ್ತದೆ ಎಂದರು. ಹಲೀಮಾಬಿ ಕೊನೆಗೆ, "ದಿನಾ ಮುಂಜಾನಿ ದನದ ಮುಂದ ಹಾಡ್ತೀರಿ. ಅದಕ್ಕಿಂತ ಅಕಿ ಮುಂದ ಹಾಡ್ರಿ" ಎಂದರು. ಮುಂದಿನ ಸಂತೆಗೆ ಮಾಸ್ತರರು ಅಂಗಡಿಯ ಮೆಟ್ಟಿಲು ಹತ್ತಿದರು.

ಮೊದಲ ದಿನ ಅವರು ಪಿಸುಗುಟ್ಟಿದ ಹಾಗೆ ಹೇಳಿದರು. ಎರಡನೆಯ ಸಂತೆಗೆ ದನಿ ಸ್ವಲ್ಪ ಏರಿತು. ಆಮೇಲೆ ಹಾಡದೆ ಪದ ನೆನಪಾಗುವುದಿಲ್ಲವೆಂದು ಎದ್ದು ನಿಂತು, ಕುರ್ಚಿಯ ಬೆನ್ನು ಹಿಡಿದು, ಕಾಲಲ್ಲಿ ಹೆಜ್ಜೆ ಹಾಕುತ್ತ ಹಾಡತೊಡಗಿದರು. ನಾನು ಬಡಿದೇ ಬಡಿದೆ. ಅವರ ಹಾಡಿನ ಓಟಕ್ಕೆ ನನ್ನ ಬೆರಳು ಸೋಲುತ್ತಿದ್ದವು. "ತಡೀರಿ, ತಡೀರಿ" ಎಂದರೆ "ಅಲಾಯಿ ಕುಣಿ ಮುಂದ ಯಾರೂ ತಡಿಯೂದಿಲ್ಲ" ಎನ್ನುವರು. ಬೀದಿಯಲ್ಲಿ ಹೋಗುವವರು ನಿಂತರು. ಪೇಟೆಯ ಅಂಗಡಿಗೆ ಸೀರೆ ಕೊಡಲು ಬಂದಿದ್ದ ಮುದುಕ ನೇಕಾರರೊಬ್ಬರು ಮರೆತುಹೋದ ಒಂದು ನುಡಿಯನ್ನು ತಾವೇ ಹಾಡಿ ಕೊಟ್ಟರು. ಸಂಗಣ್ಣ ಬಾಗಿಲಲ್ಲಿ ನಿಂತು ತಾಳ ಹಾಕಿದ. ಮಾಸ್ತರರಿಗೆ ವೈರಸ್ಸಿಲ್ಲವೆಂಬ ಸುದ್ದಿಯನ್ನೂ ಅವನೇ ಪೇಟೆಗೆ ಮುಟ್ಟಿಸಿದ. ಆದರೆ ಮೊದಲಿನ ಸುದ್ದಿ ಓಡಿದಷ್ಟು ವೇಗವಾಗಿ ಇದು ಓಡಲಿಲ್ಲ. ಈಗಲೂ ಕೆಲವರು "ಮಾಸ್ತರಗ ಆರಾಮ ಆತಂತಲ್ರಿ?" ಎಂದು ಕೇಳುತ್ತಾರೆ.

ಎಲ್ಲವೂ ಬರಲಿಲ್ಲ. ಮರೋಳದಲ್ಲಿ ನಿಂಗಪ್ಪಜ್ಜ ಎಂಬ ಹಳೆಯ ಹಾಡುಗಾರರಿದ್ದರು. ಅವರ ಪದಗಳು ಬೇರೆ ಯಾರ ಬಾಯಲ್ಲೂ ಇರಲಿಲ್ಲ. ಮಾಸ್ತರರು ಅವರ ಮನೆಯ ಕಟ್ಟೆಯ ಮೇಲೆ ಕುಳಿತು ಬರೆದುಕೊಂಡು ಬಂದು, ಕಂಪ್ಯೂಟರಿಗೆ ತುಂಬಿದ ಮೇಲೆ ಆ ಹಾಳೆಗಳನ್ನು ಕಾಯ್ದುಕೊಂಡಿರಲಿಲ್ಲ. ನಿಂಗಪ್ಪಜ್ಜ ತೀರಿಕೊಂಡಿದ್ದಾರೆ. ಅವರ ಪದಕ್ಕೆ ಬಂದಾಗ ಮಾಸ್ತರರು "ಬಾಯಾರಿದ ಕುದುರಿ ಹೊಳಿ ನೋಡಿ ನಿಂತೈತಿ" ಎಂದು ಎತ್ತಿಕೊಂಡು ನಿಂತುಬಿಟ್ಟರು. ಮತ್ತೆ ಮೊದಲಿನಿಂದ ಎತ್ತಿಕೊಂಡರು, ಮತ್ತೆ ಅಲ್ಲಿಗೇ ನಿಂತರು. ಹೊರಗೆ ನಿಂತವರೆಲ್ಲ ಮುಂದಿನ ಸಾಲಿಗಾಗಿ ಕಾಯುತ್ತಿದ್ದರು. ನನ್ನ ಬೆರಳುಗಳು ಕೀಲಿಮಣೆಯ ಮೇಲೆ ಹಾಗೇ ಇದ್ದವು. "ಆಮ್ಯಾಲೆ ಆ ಕುದುರಿ ಮಾತಾಡ್ತೈತವಾ," ಎಂದರು ಮಾಸ್ತರರು, "ಭಾಳ ಚಂದ ಮಾತಾಡ್ತೈತಿ. ಏನಂತ ಅನ್ನೂದು ಬರವಲ್ದು." ಇರುವೆ ಸಾಲಿನ ಆ ಫೈಲನ್ನು ತೆರೆದು, ಹಾಡಿ ಬರೆಸಿದ್ದ ಬೇರೆ ಪದಗಳ ಜೊತೆ ಇಬ್ಬರೂ ಹೋಲಿಸಿ ನೋಡಿದೆವು. ಒಂದೇ ಗುರುತು ಒಂದೊಂದು ಕಡೆ ಒಂದೊಂದು ಅಕ್ಷರವಾಗುತ್ತಿತ್ತು, ಎಳೆ ಸಿಗಲಿಲ್ಲ. ಕುದುರೆಯ ಮಾತು ಅದರಲ್ಲಿಯೇ ಇತ್ತು. ಪುಸ್ತಕದಲ್ಲಿ ಆ ಪುಟಕ್ಕೆ ಒಂದೇ ಸಾಲು ಇಟ್ಟು, ಉಳಿದ ಜಾಗವನ್ನು ಖಾಲಿ ಬಿಟ್ಟೆವು. ಹೂವಿನ ಅಂಚು ಹಾಕಲೇ ಎಂದು ಕೇಳಿದೆ. ಬೇಡವೆಂದರು.

ಕೊನೆಗೆ ಮುನ್ನುಡಿ ಉಳಿಯಿತು.  ಮಾಸ್ತರರು ಮುಚ್ಚುಮರೆಯ ಮನುಷ್ಯರಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಸಿದರೆ, ಹಾಗೇ ಬಡಿಯುವುದೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಪುಸ್ತಕದ ಭಾಷೆಯಲ್ಲಿ ಒಂದೊಂದೇ ವಾಕ್ಯ ಹೇಳುತ್ತ ಹೋದರು. ಹಾಡಿಕೊಟ್ಟ ಹಿರಿಯರನ್ನು ನೆನೆದರು, ಹಲೀಮಾಬಿಯನ್ನು ನೆನೆದರು, ತಮ್ಮ ಪರಿಶ್ರಮವನ್ನು ಸ್ವಲ್ಪ ಹೆಚ್ಚಾಗಿಯೇ ನೆನೆದರು. ಆಮೇಲೆ, "ನನ್ನ ತಪ್ಪಿನಿಂದಾಗಿ ಕೆಲವು ಪದಗಳು ಕಳೆದುಹೋದವು. ಓದುಗರು ಕ್ಷಮಿಸಬೇಕು" ಎಂದರು.

ನನ್ನ ಬೆರಳು ನಿಂತವು. "ಮಾಸ್ತರ, ಇದು ಹಿಂಗ ಬ್ಯಾಡ್ರಿ. ತಪ್ಪು ನಿಮ್ಮದಲ್ಲ."

"ಓದೂ ಮಂದಿಗಿ ಅದೆಲ್ಲಾ ಯಾಕ ಬೇಕು? ಬಡಿಯವಾ."

ಬಡಿದೆ. ನನ್ನ ತಪ್ಪಿನಿಂದಾಗಿ ಕೆಲವು ಪದಗಳು ಕಳೆದುಹೋದವು. ಇಷ್ಟು ವರ್ಷ ಅಂಗಡಿ ನಡೆಸಿದ್ದರಲ್ಲಿ ಮೊದಲ ಸಲಕ್ಕೇ ಒಂದೂ ಅಕ್ಷರ ತಪ್ಪದೆ ನನ್ನ ಕೈಯಿಂದ ಬಂದ ಸಾಲು ಬಹುಶಃ ಅದೊಂದೇ. ಮಾಸ್ತರರು ಪರದೆಗೆ ಮುಖ ಹತ್ತಿರ ತಂದು ಓದಿ, "ಛಲೋ ಬಂದೈತಿ" ಎಂದರು. ಬರದೆ ಏನು, ಸತ್ಯವಾದ ಮಾತು. ಕೆಳಗಿನ ಸಹಿ ಮಾತ್ರ ಬೇರೆಯವರದು.